ತೇಲುವ ಕ್ಯಾನಿನಿಂದ ಕರೆಂಟು ಬರುತ್ತದಾ?

ಪ್ರಶ್ನೆ: ನನ್ನ ಅಪ್ಪ ಮೂವತ್ತು ವರ್ಷ ಬೋಟಿನ ಇಂಜಿನ್ ರಿಪೇರಿ ಮಾಡಿದವರು, ಈಗ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಎರಡು ವರ್ಷದಿಂದ ಅಂಗಳದಲ್ಲಿ ಒಂದು ಯಂತ್ರ ಕಟ್ಟುತ್ತಿದ್ದಾರೆ. ನೆಟ್ಟಗೆ ನಿಲ್ಲಿಸಿದ ಪೈಪಿನ ತುಂಬ ನೀರು, ಅದರೊಳಗೆ ಹಾದುಹೋಗುವ ಸೈಕಲ್ ಚೈನು, ಚೈನಿಗೆ ಸಾಲಾಗಿ ಕಟ್ಟಿದ ಖಾಲಿ ಬಾಟಲಿಗಳು. ಒಳಗಿನ ಬಾಟಲಿಗಳು ತೇಲಿ ಮೇಲೆ ಹೋಗಬೇಕು, ಹೊರಗೆ ಗಾಳಿಯಲ್ಲಿ ಕೆಳಗಿಳಿಯಬೇಕು, ಪೈಪಿನ ಬುಡದ ತೂತಿನಿಂದ ಮತ್ತೆ ಒಳಗೆ ಬರಬೇಕು. ಹೀಗೆ ತಿರುಗುತ್ತಲೇ ಇದ್ದರೆ ಡೈನಮೋ ಕಟ್ಟಿ ಕರೆಂಟು ತೆಗೆಯಬಹುದು ಎನ್ನುತ್ತಾರೆ. ಈಗ ಅದು ಒಂದು ಸುತ್ತೂ ಪೂರ್ತಿ ತಿರುಗುವುದಿಲ್ಲ, ಬುಡದಲ್ಲಿ ಸೋರುತ್ತದೆ. ಒಳ್ಳೆಯ ಸೀಲು ಹಾಕಿ, 20 ಅಡಿ ಎತ್ತರದ ಟ್ಯಾಂಕು ಕಟ್ಟಿಸಿ, 10 ಲೀಟರಿನ ಕ್ಯಾನು ಕಟ್ಟಿದರೆ ಖಂಡಿತ ಓಡುತ್ತದೆ ಅಂತ ಅವರ ಹಟ. ಅದಕ್ಕೆ ಅಮ್ಮನ ಬಂಗಾರ ಅಡವಿಟ್ಟು 2 ಲಕ್ಷ ಸಾಲ ತೆಗೆಯುವ ಮಾತಾಗಿದೆ. ನಾನು ಕಾಮರ್ಸ್ ಓದಿದವಳು, ಅವರ ಹತ್ತಿರ ವಾದ ಮಾಡಲು ಗೊತ್ತಾಗುವುದಿಲ್ಲ. ಇದು ಆಗುತ್ತದಾ, ಇಲ್ವಾ?
– ಒಬ್ಬ ಓದುಗರು, ಮಲ್ಪೆ

ಉತ್ತರ: ಆಗುವುದಿಲ್ಲ ತಂಗಿ. ಬಂಗಾರ ಅಡವಿಡಬೇಡಿ. ಈ ಸಂಚಿಕೆ ನಿಮ್ಮ ಕೈಗೆ ಬರುವ ಮೊದಲೇ ಸಾಲದ ಕಾಗದಕ್ಕೆ ಸಹಿ ಬಿದ್ದರೆ ಅಂತ ಹೆದರಿ ಇಷ್ಟನ್ನು ನಿಮಗೆ ಫೋನಿನಲ್ಲೂ ಹೇಳಿದ್ದೇನೆ. ಈಗ ಯಾಕೆ ಅಂತ ಬರೆಯುತ್ತೇನೆ. ಇದನ್ನು ನಿಮ್ಮ ಅಪ್ಪನ ಕೈಗೇ ಕೊಡಿ. ಮೂವತ್ತು ವರ್ಷ ಇಂಜಿನ್ ಬಿಚ್ಚಿ ಕಟ್ಟಿದವರಿಗೆ "ವಿಜ್ಞಾನ ಒಪ್ಪುವುದಿಲ್ಲ" ಅಂತ ಒಂದೇ ಮಾತಿನಲ್ಲಿ ಹೇಳಿದರೆ ಅದು ಅವಮಾನವೇ ಸರಿ. ಅವರಿಗೆ ಲೆಕ್ಕ ತೋರಿಸಬೇಕು.

ಮೊದಲು ಬಾವಿಕಟ್ಟೆಗೆ ಹೋಗೋಣ. ನಮ್ಮ ಮನೆಯ ಮುರಕಲ್ಲಿನ ಬಾವಿಯಲ್ಲಿ ನಾನು ಹುಡುಗನಾಗಿದ್ದಾಗ ದಿನಾ ಬೆಳಿಗ್ಗೆ ಇಪ್ಪತ್ತು ಕೊಡಪಾನ ಎಳೆಯಬೇಕಿತ್ತು. ಕೊಡಪಾನ ಮುಳುಗಿ ಗುಳುಗುಳು ಅಂತ ತುಂಬಿದ ಮೇಲೆ ಹಗ್ಗ ಎಳೆದರೆ ಮೊದಲು ಭಾರವೇ ಇಲ್ಲ, ಎರಡು ಬೆರಳಲ್ಲಿ ಬರುತ್ತದೆ. ಅದರ ಕಂಠ ನೀರಿನಿಂದ ಹೊರಗೆ ಬಂತೋ, ಕೈಗೆ ಭಾರ ಏರತೊಡಗುತ್ತದೆ. ತಳ ನೀರು ಬಿಡುವಾಗ ಇಡೀ ಕೊಡಪಾನ ಕೈಗೆ ಬಂದು, ಒದ್ದೆ ಹಗ್ಗ ಅಂಗೈಯನ್ನು ಕಚ್ಚುತ್ತದೆ, ರಾಟೆ ಕಿರ್ರ್ ಅನ್ನುತ್ತದೆ. ಬಾವಿಯಿಂದ ನೀರು ಸೇದಿದವರಿಗೆಲ್ಲ ಇದು ಗೊತ್ತು. ಹಾಗಾದರೆ ನೀರಿನೊಳಗೆ ಇದ್ದಷ್ಟು ಹೊತ್ತು ಆ ಭಾರ ಹೊತ್ತವರು ಯಾರು? ಸುತ್ತಲಿನ ನೀರು. ಕೊಡಪಾನ ಒಂದು ಗೇಣು ಮೇಲೆ ಬಂದರೆ ಅಷ್ಟೇ ಜಾಗದ ನೀರು ಒಂದು ಗೇಣು ಕೆಳಗೆ ಹೋಗಿ ಅದರ ಜಾಗ ತುಂಬುತ್ತದೆ. ತಕ್ಕಡಿಯ ಎರಡು ತಟ್ಟೆ ಇದ್ದ ಹಾಗೆ.

ಈಗ ಒಂದು ಬಕೆಟ್ ತೆಗೆದುಕೊಳ್ಳಿ. ಮುಕ್ಕಾಲು ನೀರು ತುಂಬಿಸಿ, ನೀರಿನ ಮಟ್ಟಕ್ಕೆ ಪೆನ್ನಿನಲ್ಲಿ ಒಂದು ಗೆರೆ ಹಾಕಿ. ಮುಚ್ಚಳ ಬಿಗಿಯಾಗಿರುವ ಖಾಲಿ ಹಾರ್ಲಿಕ್ಸ್ ಡಬ್ಬವನ್ನು ತಳದವರೆಗೆ ಅದುಮಿ ಹಿಡಿಯಿರಿ. ಕೈಗೆ ಒತ್ತಡ ಗೊತ್ತಾಗುತ್ತದೆ ಅಲ್ವಾ? ಅದೇ ಹೊತ್ತಿಗೆ ಗೆರೆ ನೋಡಿ. ನೀರು ಮೇಲೆ ಬಂದಿದೆ. ಅಂದರೆ ನೀವು ಡಬ್ಬವನ್ನು ಕೆಳಗೆ ಒತ್ತಿದಿರಿ ಅಂತ ಕಂಡರೂ ಮಾಡಿದ ಕೆಲಸ ನೀರನ್ನು ಮೇಲೆತ್ತಿದ್ದು. ಈಗ ಕೈ ಬಿಡಿ. ಡಬ್ಬ ಚಂಗನೆ ಮೇಲೆ ಬರುತ್ತದೆ, ನೀರು ಗೆರೆಯ ಹತ್ತಿರಕ್ಕೆ ಇಳಿಯುತ್ತದೆ. ನಾವು ಡಬ್ಬವನ್ನೇ ನೋಡುತ್ತೇವೆ, ಡಬ್ಬಕ್ಕೇ ಏನೋ ಶಕ್ತಿ ಉಂಟು ಅಂದುಕೊಳ್ಳುತ್ತೇವೆ. ನಿಜಕ್ಕೂ ಅಲ್ಲಿ ನಡೆದದ್ದು ನೀರು ಕೆಳಗೆ ಬಿದ್ದದ್ದು. ಡಬ್ಬವನ್ನು ಮೇಲೆ ತಳ್ಳಿದ್ದು ಆ ಬೀಳುವ ನೀರು. ಆ ನೀರನ್ನು ಮೊದಲು ಎತ್ತಿಟ್ಟದ್ದು ನಿಮ್ಮ ಕೈ.

ಇದೊಂದು ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ಸಲೀಸು.

ಈಗ ನಿಮ್ಮ ಅಪ್ಪ ಕಟ್ಟಿಸಬೇಕೆಂದಿರುವ ಟ್ಯಾಂಕನ್ನೇ ತೆಗೆದುಕೊಳ್ಳೋಣ. 20 ಅಡಿ, ಅಂದರೆ 6 ಮೀಟರ್. ಕ್ಯಾನು 10 ಲೀಟರಿನದ್ದು, ತಳ 25 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ, ಎತ್ತರ 20 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಕ್ಯಾನಿನ ಸ್ವಂತ ತೂಕ ಹತ್ತುವ ಕಡೆಯೂ ಇಳಿಯುವ ಕಡೆಯೂ ಒಂದೇ, ಹಾಗಾಗಿ ಅದನ್ನು ಬಿಟ್ಟುಬಿಡಿ. ಮುಳುಗಿದ ಕ್ಯಾನು 10 ಲೀಟರ್ ನೀರನ್ನು ಸರಿಸಿದೆ, ಆದ್ದರಿಂದ ಅದನ್ನು ಮೇಲೆ ತಳ್ಳುವ ಬಲ 10 ಕಿಲೋ. ಇದು ಆರ್ಕಿಮಿಡೀಸ್ ಹೇಳಿದ್ದು, ಎರಡು ಸಾವಿರ ವರ್ಷ ದಾಟಿತು, ಇವತ್ತಿಗೂ ಅದರಲ್ಲಿ ತಪ್ಪಿಲ್ಲ. 10 ಕಿಲೋ ಬಲ 6 ಮೀಟರ್ ದೂರ ಕೆಲಸ ಮಾಡಿತು. ಗುಣಿಸಿದರೆ 60. ಒಂದು ಕ್ಯಾನು ತಳದಿಂದ ಮೇಲಕ್ಕೆ ಬಂದಾಗ ಸಿಗುವ ಲಾಭ ಇಷ್ಟು.

ಇನ್ನು ಬುಡದ ಬಾಗಿಲು. ನೀರಿನಲ್ಲಿ 10 ಮೀಟರ್ ಕೆಳಗೆ ಹೋದರೆ ಪ್ರತಿ ಚದರ ಸೆಂಟಿಮೀಟರ್ ಮೇಲೆ ಸುಮಾರು 1 ಕಿಲೋ ಒತ್ತಡ ಜಾಸ್ತಿಯಾಗುತ್ತದೆ. 6 ಮೀಟರ್ ಆಳದಲ್ಲಿ 0.6 ಕಿಲೋ. ಕ್ಯಾನಿನ ಮೇಲ್ಮುಖ 25 ಗುಣಿಸು 20, ಅಂದರೆ 500 ಚದರ ಸೆಂಟಿಮೀಟರ್. ಹಾಗಾದರೆ ಬುಡದಿಂದ ಒಳಗೆ ನುಗ್ಗಬೇಕಾದ ಕ್ಯಾನಿನ ತಲೆಯ ಮೇಲೆ ನೀರು ಹಾಕುವ ಒತ್ತು 300 ಕಿಲೋ. ಸಿಮೆಂಟಿನ ಆರು ಮೂಟೆ! ಆ ಒತ್ತಿನ ಎದುರು ಕ್ಯಾನನ್ನು 20 ಸೆಂಟಿಮೀಟರ್ ಒಳಗೆ ದೂಡಬೇಕು. 300 ಗುಣಿಸು 0.2 ಎಷ್ಟು? 60.

ಅದೇ 60. ಇದು ನಾನು ಬೇಕೆಂದೇ ಹೊಂದಿಸಿದ ಲೆಕ್ಕ ಅಂತ ಅಪ್ಪನಿಗೆ ಅನ್ನಿಸಿದರೆ ಕ್ಯಾನಿನ ಅಳತೆ, ಟ್ಯಾಂಕಿನ ಎತ್ತರ ಬದಲಿಸಿ ಅವರೇ ಮಾಡಿ ನೋಡಲಿ. ಇನ್ನೂ ಸೂಕ್ಷ್ಮವಾಗಿ ಮಾಡಬೇಕೆಂದರೆ, ಕ್ಯಾನು ಒಳಗೆ ಬರುತ್ತಾ ಬರುತ್ತಾ ಅದರ ತಲೆಯ ಆಳ 5.8 ಮೀಟರಿಗೆ ಇಳಿಯುತ್ತದೆ, ಹಾಗಾಗಿ ದೂಡುವ ಬಲ ಸರಾಸರಿ 295 ಕಿಲೋ, ಕೆಲಸ 59. ಮೇಲೆ ಹೋಗುವಾಗಲೂ ಕೊನೆಯ 20 ಸೆಂಟಿಮೀಟರ್‌ನಲ್ಲಿ ಕ್ಯಾನು ನೀರಿನಿಂದ ಹೊರಗೆ ಬರುತ್ತಾ ಇರುವುದರಿಂದ ತಳ್ಳುವ ಬಲ ಕಡಿಮೆಯಾಗುತ್ತಾ ಹೋಗುತ್ತದೆ. ಅದನ್ನು ಕಳೆದರೆ ಅಲ್ಲೂ 59. ಎಷ್ಟು ಬಿಡಿಸಿದರೂ ಎರಡೂ ಕಡೆ ಸಮ. ಈ ಲೆಕ್ಕವನ್ನು ಎಷ್ಟು ಸಲ ಮಾಡಿದರೂ ನನಗೆ ಮೊದಲ ಸಲದ ಖುಷಿಯೇ ಆಗುತ್ತದೆ.

ಇಲ್ಲಿ ನಿಮ್ಮ ಅಪ್ಪ ಖಂಡಿತ ಒಂದು ಮಾತು ಕೇಳುತ್ತಾರೆ, ಕೇಳಲೇಬೇಕು. "ಒಳಗೆ ಬರುವುದು ಒಂದೇ ಕ್ಯಾನು, ಅದೇ ಹೊತ್ತಿಗೆ ಮೇಲೆ ಎಳೆಯುವುದು ಹದಿನೈದು ಕ್ಯಾನು. ಹದಿನೈದು ಜನ ಸೇರಿ ಒಬ್ಬನನ್ನು ಎಳೆದುಕೊಳ್ಳಲು ಆಗುವುದಿಲ್ವಾ?" ಇಂಥ ಯಂತ್ರದಲ್ಲಿ ಎಲ್ಲರೂ ಸಿಕ್ಕಿಬೀಳುವುದು ಇದೇ ಜಾಗದಲ್ಲಿ. ಸರಿ, 40 ಸೆಂಟಿಮೀಟರಿಗೆ ಒಂದರ ಹಾಗೆ ಕ್ಯಾನು ಕಟ್ಟಿದರೆ 6 ಮೀಟರಿನಲ್ಲಿ ಹದಿನೈದು ಕ್ಯಾನು. ಮೇಲೆಳೆಯುವ ಬಲ 150 ಕಿಲೋ. ಬಾಗಿಲಲ್ಲಿ ತಡೆಯುವ ಬಲ 300 ಕಿಲೋ. ಆದರೆ ಚೈನು 40 ಸೆಂಟಿಮೀಟರ್ ಸರಿಯುವಾಗ ಬಾಗಿಲಲ್ಲಿ ಕ್ಯಾನು ಇರುವುದು 20 ಸೆಂಟಿಮೀಟರ್ ಮಾತ್ರ, ಉಳಿದ ಅರ್ಧ ಹೊತ್ತು ಬಾಗಿಲು ಬರಿದು. ಸರಾಸರಿ ತಡೆ 150 ಕಿಲೋ. ಹದಿನೈದರ ಬದಲು ಒತ್ತೊತ್ತಾಗಿ ಮೂವತ್ತು ಕ್ಯಾನು ಕಟ್ಟಿದರೆ? ಮೇಲೆಳೆಯುವುದು 300 ಆಯಿತು, ಬಾಗಿಲಲ್ಲಿ ಈಗ ಬಿಡುವೇ ಇಲ್ಲ, ಅಲ್ಲೂ 300. ಟ್ಯಾಂಕು 40 ಅಡಿ ಮಾಡಿದರೆ ಕ್ಯಾನು ಎರಡು ಪಟ್ಟು, ಬುಡದ ಒತ್ತಡವೂ ಎರಡು ಪಟ್ಟು. ಎತ್ತರ ಕೂಡಿಸಿದಷ್ಟೂ ಬಾಗಿಲು ಭಾರವಾಗುತ್ತಾ ಹೋಗುತ್ತದೆ.

ಸೀಲಿನ ವಿಷಯಕ್ಕೆ ಬರುತ್ತೇನೆ. ಅಪ್ಪನಿಗೆ ಅದೇ ದೊಡ್ಡ ತಲೆನೋವು ಆಗಿರುವ ಹಾಗಿದೆ. ಬೋಟಿನ ತಳದಲ್ಲಿ ಪ್ರೊಪೆಲ್ಲರ್ ಶಾಫ್ಟು ಹೊರಗೆ ಹೋಗುವ ಕಡೆ ಗ್ಲ್ಯಾಂಡ್ ಪ್ಯಾಕಿಂಗ್ ಇರುತ್ತದಲ್ಲ, ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಬಿಗಿ ಮಾಡಿದರೆ ಬಿಸಿಯಾಗುತ್ತದೆ, ಸಡಿಲ ಬಿಟ್ಟರೆ ತೊಟ್ಟಿಕ್ಕುತ್ತದೆ. ಅಲ್ಲಿ ನೀರು ತಡೆಯಲು ಸಾಧ್ಯವಾಗಿದೆ, ಇಲ್ಲಿ ಯಾಕಾಗಬಾರದು ಅಂತ ಅವರಿಗೆ ಅನ್ನಿಸುವುದು ಸಹಜ. ಆದರೆ ಶಾಫ್ಟು ಇದ್ದಲ್ಲೇ ತಿರುಗುತ್ತದೆ, ನೀರಿನೊಳಗೆ ಅದರ ಎಷ್ಟು ಭಾಗ ಉಂಟೋ ಅಷ್ಟೇ ಇರುತ್ತದೆ. ಇವರ ಕ್ಯಾನು ಹಾಗಲ್ಲ, ಪ್ರತಿಸಲ ಹೊಸದಾಗಿ 10 ಲೀಟರ್ ಜಾಗ ಮಾಡಿಕೊಂಡು ಒಳಗೆ ಬರಬೇಕು. ಒಂದು ಹನಿ ಸೋರದ, ಒಂದಿಷ್ಟೂ ತಿಕ್ಕದ ಸೀಲು ಮಾಡಿ ಕೊಟ್ಟರೂ ಆ 300 ಕಿಲೋ ಅಲ್ಲೇ ನಿಂತಿರುತ್ತದೆ. ಸೋರುವುದು ಯಂತ್ರದ ದೋಷ ಅಂತ ತಿಳಿದೇ ಅವರು ಎರಡು ವರ್ಷ ಕಳೆದದ್ದು. ಆ ಸೋರಿಕೆಯನ್ನು ಅವರು ಗೆಲ್ಲಬಲ್ಲರು, ನನಗೆ ಸಂಶಯವಿಲ್ಲ. ಗೆದ್ದ ದಿನವೂ ಚೈನು ತಿರುಗುವುದಿಲ್ಲ.

ಎರಡು ಬಾಗಿಲಿನ ಉಪಾಯವೂ ಉಂಟು. ಬುಡದಲ್ಲಿ ಒಂದು ಸಣ್ಣ ಕೋಣೆ. ಹೊರಬಾಗಿಲು ತೆಗೆದು ಕ್ಯಾನು ಇಡುವುದು, ಮುಚ್ಚುವುದು, ಒಳಬಾಗಿಲು ತೆಗೆಯುವುದು. ಕ್ಯಾನು ಸಲೀಸಾಗಿ ಮೇಲೆ ಹೋಗುತ್ತದೆ, 300 ಕಿಲೋ ದೂಡುವ ಪ್ರಶ್ನೆಯೇ ಇಲ್ಲ. ಇದು ಕೆಲಸ ಮಾಡುತ್ತದೆ, ಆದರೆ ಕ್ಯಾನು ಹೋದ ಜಾಗಕ್ಕೆ ಟ್ಯಾಂಕಿನ 10 ಲೀಟರ್ ನೀರು ಇಳಿದಿರುತ್ತದೆ. ಮುಂದಿನ ಕ್ಯಾನು ಇಡಬೇಕಾದರೆ ಆ ನೀರನ್ನು ಹೊರಗೆ ಚೆಲ್ಲಬೇಕು. ಹೀಗೆ ಪ್ರತಿ ಕ್ಯಾನಿಗೆ 10 ಲೀಟರ್ ಖಾಲಿಯಾಗುತ್ತಾ ಹೋಗುತ್ತದೆ. ಟ್ಯಾಂಕು ತುಂಬಿಯೇ ಇರಬೇಕಾದರೆ ಆ 10 ಕಿಲೋ ನೀರನ್ನು 6 ಮೀಟರ್ ಎತ್ತಿ ಮೇಲಿನಿಂದ ಸುರಿಯಬೇಕು. 10 ಗುಣಿಸು 6. ಮತ್ತೆ 60!

ಕೆಳಗೆ ಕಂಪ್ರೆಸರ್‌ನಿಂದ ಗಾಳಿ ಬಿಟ್ಟು ಬಕೆಟ್‌ಗಳನ್ನು ತೇಲಿಸುವ ಯಂತ್ರದ ವಿಡಿಯೋ ಕೂಡ ಓಡಾಡುತ್ತಿದೆ. ಲೆಕ್ಕ ಬೇರೆ, ಫಲ ಅದೇ. ಗಾಳಿಯನ್ನು ಆಳಕ್ಕೆ ಅದುಮಲು ಹಾಕಿದ ಕೆಲಸಕ್ಕಿಂತ ಒಂದು ಚೂರೂ ಜಾಸ್ತಿ ಅದು ಮೇಲೆ ಬರುವಾಗ ಸಿಗುವುದಿಲ್ಲ. ಪಂಚರ್ ಅಂಗಡಿಯಲ್ಲಿ ಕಂಪ್ರೆಸರ್ ಓಡುವಾಗ ಅದರ ತಲೆ ಸುಡುತ್ತಿರುತ್ತದೆ, ಕೊಟ್ಟ ಕರೆಂಟಿನ ಒಂದು ಪಾಲು ಆ ಬಿಸಿಯಾಗಿ ಅಲ್ಲೇ ಹೋಯಿತು. ಇನ್ನೊಂದು ಜಾತಿ, ಟ್ಯಾಂಕಿನ ಗೋಡೆಯಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಇರುವ ದುಂಡು ಮರದ ಗಾಲಿ. ಒಳಗಿನ ಅರ್ಧ ತೇಲಬೇಕು, ಗಾಲಿ ತಿರುಗಬೇಕು ಅಂತ. ನೀರು ಯಾವ ಮೈಯನ್ನಾದರೂ ನೇರವಾಗಿ ಒತ್ತುತ್ತದೆ, ಓರೆಯಾಗಿ ಅಲ್ಲ. ದುಂಡಗಿನ ಗಾಲಿಯ ಮೇಲೆ ನೇರ ಒತ್ತು ಅಂದರೆ ಅಚ್ಚಿನ ಕಡೆಗೇ ಒತ್ತು. ಸೈಕಲ್ ಚಕ್ರವನ್ನು ಹಬ್ಬಿನ ಕಡೆಗೆ ಎಷ್ಟು ಅದುಮಿದರೂ ಅದು ತಿರುಗುತ್ತದಾ?

ಅಪ್ಪ ಒಬ್ಬರೇ ಈ ದಾರಿಗೆ ಬಿದ್ದವರಲ್ಲ, ಅದನ್ನೂ ಅವರಿಗೆ ಹೇಳಿ. ನಮ್ಮ ಭಾಸ್ಕರಾಚಾರ್ಯರೇ 1150ರಲ್ಲಿ ಬರೆದ ಸಿದ್ಧಾಂತ ಶಿರೋಮಣಿಯಲ್ಲಿ ತನ್ನಷ್ಟಕ್ಕೆ ತಿರುಗುವ ಚಕ್ರದ ವಿವರ ಉಂಟು. ಟೊಳ್ಳು ಅರೆಕಾಲುಗಳಲ್ಲಿ ಅರ್ಧ ಪಾದರಸ ತುಂಬಿದ ಚಕ್ರ. ಅಷ್ಟು ದೊಡ್ಡ ಗಣಿತಜ್ಞರ ಬುದ್ಧಿಯನ್ನೂ ಸೆಳೆದ ಕನಸು ಇದು. ಪ್ಯಾರಿಸಿನ ವಿಜ್ಞಾನ ಅಕಾಡೆಮಿ 1775ರಲ್ಲಿ ಇಂಥ ಯಂತ್ರಗಳನ್ನು ಇನ್ನು ಪರೀಕ್ಷಿಸುವುದಿಲ್ಲ ಅಂತ ತೀರ್ಮಾನ ಮಾಡಿತು. ಆಗ ಅವರು ಕೊಟ್ಟ ಕಾರಣಗಳಲ್ಲಿ ಒಂದು ನನಗೆ ಬಹಳ ತಾಗುತ್ತದೆ. ಈ ಹುಚ್ಚಿನಿಂದ ಎಷ್ಟೋ ಸಂಸಾರಗಳು ಹಾಳಾಗಿವೆ, ದೊಡ್ಡ ಕೆಲಸ ಮಾಡಬಹುದಾಗಿದ್ದ ಮೆಕ್ಯಾನಿಕ್‌ಗಳು ಹಣ, ಸಮಯ, ಬುದ್ಧಿ ಎಲ್ಲವನ್ನೂ ಇದಕ್ಕೆ ಸುರಿದಿದ್ದಾರೆ ಅಂತ ಬರೆದಿದ್ದರು. ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಇದೇ. ನಮ್ಮ ದೇಶದ 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ಕೂಡ ಪ್ರಕೃತಿಯ ನಿಯಮಕ್ಕೆ ನೇರ ವಿರುದ್ಧವಾದದ್ದಕ್ಕೆ ಪೇಟೆಂಟ್ ಇಲ್ಲ ಅನ್ನುತ್ತದೆ. ಪೇಟೆಂಟ್ ಮಾಡಿಸಿ ಕೊಡುತ್ತೇನೆ, ಇಷ್ಟು ಕೊಡಿ ಅಂತ ಯಾರಾದರೂ ಮನೆಗೆ ಬಂದರೆ ಹತ್ತಿರ ಸೇರಿಸಬೇಡಿ.

ಈಗ ಅಪ್ಪನ ಕೈಗೆ ಒಂದು ಕೆಲಸ ಕೊಡುತ್ತೇನೆ. ಕಾರ್ಕಳ, ಹೆಬ್ರಿ ಕಡೆ ನಿಮ್ಮ ನೆಂಟರ ತೋಟ ಏನಾದರೂ ಉಂಟಾ? ತೋಟದ ಪಕ್ಕ ಇಳಿಜಾರಿನಲ್ಲಿ ಹರಿಯುವ ತೋಡು ಇದ್ದರೆ ರ‍್ಯಾಮ್ ಪಂಪು ಕಟ್ಟಬಹುದು. ಕರೆಂಟು ಬೇಡ, ಡೀಸೆಲ್ ಬೇಡ. ಒಂದಷ್ಟು ಉದ್ದದ ಪೈಪು, ಎರಡು ವಾಲ್ವು, ಗಾಳಿ ತುಂಬಿದ ಒಂದು ಸಿಲಿಂಡರ್. ಪೈಪಿನಲ್ಲಿ ಜೋರಾಗಿ ಬರುವ ನೀರನ್ನು ಒಂದು ವಾಲ್ವು ಫಕ್ಕನೆ ತಡೆಯುತ್ತದೆ, ಆ ಏಟಿಗೆ ಸ್ವಲ್ಪ ನೀರು ಇನ್ನೊಂದು ವಾಲ್ವು ದಾಟಿ ಮೇಲಕ್ಕೆ ಏರುತ್ತದೆ, ವಾಲ್ವು ಮತ್ತೆ ಬೀಳುತ್ತದೆ. ಟಕ್, ಟಕ್ ಅಂತ ಹಗಲು ರಾತ್ರಿ ಹೊಡೆಯುತ್ತಾ ಇರುತ್ತದೆ. 1796ರಲ್ಲಿ ಫ್ರಾನ್ಸಿನ ಮಾಂಟ್‌ಗಾಲ್ಫಿಯರ್ ಮಾಡಿದ್ದು, ಬಿಸಿಗಾಳಿಯ ಬಲೂನು ಹಾರಿಸಿದ ಅಣ್ಣ-ತಮ್ಮಂದಿರಲ್ಲಿ ಒಬ್ಬರು. 100 ಲೀಟರ್ ನೀರು 2 ಮೀಟರ್ ಬಿದ್ದರೆ ಅದರಲ್ಲಿ ಸುಮಾರು 10 ಲೀಟರನ್ನು 12 ಮೀಟರ್ ಮೇಲೆ ಕಳಿಸಬಹುದು. ಕಳೆಯದೆ ಹೋದರೆ 20 ಮೀಟರ್ ಆಗಬೇಕಿತ್ತು, ಉಳಿದದ್ದು ತಿಕ್ಕಾಟಕ್ಕೆ, ಶಬ್ದಕ್ಕೆ. ಇದೂ ತನ್ನಷ್ಟಕ್ಕೆ ಓಡಿದ ಹಾಗೆ ಕಾಣುತ್ತದೆ, ಆದರೆ 90 ಲೀಟರ್ ಬಿದ್ದು ಹೋದದ್ದು ಕಣ್ಣೆದುರೇ ಕಾಣುತ್ತದೆ. ತೋಡಿನ ನೀರನ್ನು ಘಟ್ಟದ ಮೇಲೆ ಎತ್ತಿಟ್ಟದ್ದು ಬಿಸಿಲು ಮತ್ತು ಮಳೆ. ವಾರಾಹಿಯ ಪವರ್ ಹೌಸೂ ಹಾಗೆ ಘಟ್ಟದಿಂದ ಇಳಿದ ನೀರಿನಲ್ಲೇ ತಿರುಗುವುದು. ವಾಲ್ವಿನ ತೂಕ ಹೊಂದಿಸುವುದು ರ‍್ಯಾಮ್ ಪಂಪಿನಲ್ಲಿ ನಾಜೂಕಿನ ಕೆಲಸ, ಇಂಜಿನ್ ವಾಲ್ವು ಕೂರಿಸಿದ ಕೈಗೆ ಅದು ಬೇಗ ಒಲಿಯುತ್ತದೆ. ಅಂಗಳದ ಪೈಪು, ವಾಲ್ವು ಅದಕ್ಕೇ ಆದೀತು. ಕಟ್ಟಿದರೆ ನನಗೆ ತಿಳಿಸಿ, ನೋಡಲು ಬರುತ್ತೇನೆ.

ಪ್ರಶ್ನೆ: ತೇಲುವುದರಿಂದ ಶಕ್ತಿ ಸಿಗುವುದಿಲ್ಲ ಅಂತ ನೀವು ಹಿಂದೊಮ್ಮೆ ಬರೆದಿದ್ದಿರಿ. ಹಾಗಾದರೆ ಸಮುದ್ರದ ಅಲೆಯಲ್ಲಿ ಏರಿಳಿಯುವ ಬೋಯದಿಂದ (ತೇಲುಬುರುಡೆಯಿಂದ) ಕರೆಂಟು ಮಾಡುತ್ತಾರಂತಲ್ಲ, ಅದು ಸುಳ್ಳಾ?
– ಸುರತ್ಕಲ್‌ನಿಂದ

ಉತ್ತರ: ಸುಳ್ಳಲ್ಲ. ನಿಂತ ನೀರಿಗೂ ಅಲೆಗೂ ಅಷ್ಟು ವ್ಯತ್ಯಾಸ ಉಂಟು. ಅಲೆಯಲ್ಲಿ ನೀರೇ ಏರಿಳಿಯುತ್ತದೆ, ಅದನ್ನು ಎತ್ತುವುದು ಗಾಳಿ. ಬೋಯ ಆ ಗಾಳಿಯ ದುಡ್ಡನ್ನು ಖರ್ಚು ಮಾಡುತ್ತದೆ. ಕೇರಳದ ವಿಳಿಂಞಂನಲ್ಲಿ 1991ರಲ್ಲಿ ಅಲೆಯಿಂದ ಕರೆಂಟು ಮಾಡುವ 150 ಕಿಲೋವ್ಯಾಟಿನ ಘಟಕ ಕಟ್ಟಿದ್ದರು. ಅದರಲ್ಲಿ ಬೋಯ ಇರಲಿಲ್ಲ, ಅಲೆ ಏರಿಳಿದಾಗ ಒಂದು ಕೋಣೆಯೊಳಗಿನ ಗಾಳಿ ನುಗ್ಗಿ ಟರ್ಬೈನ್ ತಿರುಗುತ್ತಿತ್ತು.

ಪ್ರಶ್ನೆ: ಜನವರಿಯಲ್ಲಿ ಉಡುಪಿಯ ಪರ್ಯಾಯ ಉತ್ಸವಕ್ಕೆ ಹೋದಾಗ ರಥಬೀದಿಯಲ್ಲಿ ಮಗನಿಗೆ ಒಂದು ಗಾಜಿನ ಹಕ್ಕಿ ತೆಗೆದುಕೊಟ್ಟೆ. ಬಗ್ಗಿ ಲೋಟದ ನೀರಿಗೆ ಕೊಕ್ಕು ಅದ್ದುತ್ತದೆ, ಏಳುತ್ತದೆ, ಮತ್ತೆ ಬಗ್ಗುತ್ತದೆ. ಬ್ಯಾಟರಿ ಇಲ್ಲ, ಕೀಲಿ ಇಲ್ಲ. ಜೂನ್ ಬಂದ ಮೇಲೆ ಮೆಲ್ಲ ಮೆಲ್ಲ ನಿಂತೇ ಹೋಯಿತು. ಹಾಳಾಯಿತಾ?
– ಮಣಿಪಾಲದಿಂದ

ಉತ್ತರ: ಹಾಳಾಗಿಲ್ಲ ಮಾರಾಯ್ರೇ, ಮಳೆಗಾಲ ಬಂದಿದೆ ಅಷ್ಟೇ! ಹಕ್ಕಿಯ ತಲೆಗೆ ಸುತ್ತಿದ ಬಟ್ಟೆ ಒದ್ದೆಯಾಗಿ ಆರುವಾಗ ತಲೆ ತಣ್ಣಗಾಗುತ್ತದೆ. ತಲೆಯೊಳಗಿನ ಆವಿ ಕುಗ್ಗಿ, ಹೊಟ್ಟೆಯಲ್ಲಿರುವ ಬಣ್ಣದ ದ್ರವ ಕೊರಳಿನ ನಳಿಗೆಯಲ್ಲಿ ಮೇಲೇರುತ್ತದೆ. ತಲೆ ಭಾರವಾಗಿ ಹಕ್ಕಿ ಬಗ್ಗುತ್ತದೆ. ಬಗ್ಗಿದಾಗ ನಳಿಗೆಯ ತುದಿ ದ್ರವದಿಂದ ಹೊರಗೆ ಬಂದು, ಆವಿ ಮೇಲೆ ನುಗ್ಗಿ, ದ್ರವ ಹೊಟ್ಟೆಗೆ ಇಳಿಯುತ್ತದೆ, ಹಕ್ಕಿ ಎದ್ದು ನಿಲ್ಲುತ್ತದೆ. ಜನವರಿಯ ಒಣ ಹವೆಯಲ್ಲಿ ಬಟ್ಟೆ ಬೇಗ ಆರುತ್ತಿತ್ತು. ಜೂನ್‌ನಲ್ಲಿ ನಮ್ಮ ಕರಾವಳಿಯಲ್ಲಿ ಹಗ್ಗಕ್ಕೆ ಹಾಕಿದ ಶರ್ಟೇ ಮೂರು ದಿನ ಆರುವುದಿಲ್ಲ, ಹಕ್ಕಿಯ ತಲೆ ಹೇಗೆ ಆರೀತು?

ಫ್ಯಾನಿನ ಕೆಳಗೆ ಇಟ್ಟರೆ ಸ್ವಲ್ಪ ಚುರುಕಾಗಬಹುದು. ಇನ್ನೂ ಚೆನ್ನಾಗಿ ನೋಡಬೇಕೆಂದರೆ ತಲೆಯ ಬಟ್ಟೆ ಒಣಗಿಸಿ ಎರಡು ಹನಿ ಸ್ಪಿರಿಟ್ ಹಾಕಿ. ಗಾಳಿಯಲ್ಲಿ ನೀರಿನ ಪಸೆ ಎಷ್ಟಿದ್ದರೂ ಸ್ಪಿರಿಟ್ ಆರುತ್ತದೆ, ಹೊರಗೆ ಜಡಿಮಳೆ ಸುರಿಯುತ್ತಿರುವಾಗಲೇ ಹಕ್ಕಿ ಬಗ್ಗಲು ಶುರು ಮಾಡುತ್ತದೆ. ದೀಪ, ಒಲೆ ಹತ್ತಿರ ಇಡಬೇಡಿ. ಒಳಗಿನ ದ್ರವ ಸಾಮಾನ್ಯವಾಗಿ ಡೈಕ್ಲೋರೋಮೀಥೇನ್, ಅದು ಒಳ್ಳೆಯದಲ್ಲ. ಗಾಜು ಒಡೆದರೆ ಮಗನನ್ನು ಆಚೆ ಕಳಿಸಿ, ಕಿಟಕಿ ಎಲ್ಲ ತೆರೆದು, ಕೈಗೆ ತಾಗದ ಹಾಗೆ ಒರೆಸಿ ತೆಗೆಯಿರಿ.